ಸ್ಟೆಂಟ್ ಹಾಕಿದ್ದಾರೆ, ‘ಆ ಮಾತ್ರೆ ಬೇಡ’ ಎಂದಿದ್ದಾರೆ. ವ್ಯಾಕ್ಯೂಮ್ ಪಂಪ್ ಬಳಸಬಹುದೇ?

ಪ್ರಶ್ನೆ: ನನಗೆ 56 ವರ್ಷ, ರಾಜಾಜಿನಗರದಲ್ಲಿ ವಾಸ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ನಾಲ್ಕು ವರ್ಷಗಳಿಂದ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ. ಎರಡು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದರು. ಎದೆ ಬಿಗಿತಕ್ಕೆ ನೈಟ್ರೇಟ್ ಮಾತ್ರೆಯೂ ರಕ್ತ ತೆಳುವಾಗಿಸುವ ಮಾತ್ರೆಯೂ ನಡೆಯುತ್ತಿವೆ. ನಿಮಿರುವಿಕೆಯ ಮಾತ್ರೆ ನನಗೆ ಆಗದು ಎಂದು ವೈದ್ಯರು ಖಂಡಿತವಾಗಿ ಹೇಳಿದ್ದಾರೆ. ಮೊಬೈಲ್‌ನಲ್ಲಿ ವ್ಯಾಕ್ಯೂಮ್ ಪಂಪ್ ಎಂಬ ಸಾಧನ ನೋಡಿದೆ. ಇದು ಚಿಕಿತ್ಸೆಯೋ ಮೋಸವೋ? ಹೆಂಡತಿಗೆ ತಿಳಿಯದಂತೆ ಬಳಸಬಹುದೇ?

ಉತ್ತರ: ಇದು ನಿಜವಾದ ಚಿಕಿತ್ಸೆ. ಆದರೆ ಮೋಸವೂ ಅದರ ಪಕ್ಕದಲ್ಲೇ ಅಂಗಡಿ ತೆರೆದು ಕುಳಿತಿದೆ, ಹಾಗಾಗಿ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಮೆಜೆಸ್ಟಿಕ್ ಸುತ್ತಮುತ್ತಲಿನ ಕಂಬಗಳಲ್ಲಿ, ಶೌಚಾಲಯಗಳ ಬಾಗಿಲುಗಳಲ್ಲಿ ‘ಗುಪ್ತರೋಗ’, ‘ನರದೌರ್ಬಲ್ಯ’ ಎಂದು ಅಂಟಿಸಿದ ಚೀಟಿಗಳನ್ನು ನೋಡುತ್ತಲೇ ಈ ನಗರದ ಗಂಡಸರು ವಯಸ್ಸಿಗೆ ಬರುತ್ತಾರೆ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುವುದಾಗಿ ಹೇಳಿಕೊಂಡು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆದರೂ ಚೀಟಿಗಳು ಹೋಗಿಲ್ಲ, ಮೊಬೈಲ್ ಪರದೆಗೆ ಸ್ಥಳಾಂತರವಾಗಿವೆ, ಅಷ್ಟೆ. ‘ಶಾಶ್ವತವಾಗಿ ಗಾತ್ರ ಹೆಚ್ಚುತ್ತದೆ’ ಎಂದು ಯಾವ ಪಂಪಿನ ಮೇಲೆ ಬರೆದಿದೆಯೋ ಅದನ್ನು ಕೊಳ್ಳಬೇಡಿ. ಯಾವ ಪಂಪೂ ಗಾತ್ರವನ್ನು ಶಾಶ್ವತವಾಗಿ ಹೆಚ್ಚಿಸುವುದಿಲ್ಲ.

ಮೊದಲು ಮಾತ್ರೆಯ ವಿಷಯ. ನಿಮ್ಮ ವೈದ್ಯರು ಹೇಳಿದ್ದು ನೂರಕ್ಕೆ ನೂರು ಸರಿ. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರ) ಗುಂಪಿನ ಮಾತ್ರೆಯೂ ನೈಟ್ರೇಟ್ ಮಾತ್ರೆಯೂ ರಕ್ತನಾಳವನ್ನು ಸಡಿಲಿಸುತ್ತವೆ. ಎರಡೂ ಒಟ್ಟಿಗೆ ಸೇರಿದರೆ ರಕ್ತದೊತ್ತಡ ಪ್ರಾಣಕ್ಕೇ ಕುತ್ತು ಬರುವಷ್ಟು ಕುಸಿಯಬಹುದು. ಗೆಳೆಯನ ಜೇಬಿನಿಂದ ಒಂದೇ ಒಂದು ಮಾತ್ರೆ ಇಸಿದುಕೊಂಡು ನೋಡುವ ಆಸೆ ಬಂದರೂ ದಯವಿಟ್ಟು ಬೇಡ. ಎದೆನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯೂ ನೈಟ್ರೇಟೇ ಎಂಬುದು ನೆನಪಿರಲಿ.

ಪಂಪಿಗೆ ಈ ತೊಡಕಿಲ್ಲ. ಅದು ರಕ್ತಕ್ಕೆ ಏನನ್ನೂ ಬೆರೆಸುವುದಿಲ್ಲ. ಶಿಶ್ನದ ಉದ್ದಕ್ಕೂ ಸ್ಪಂಜಿನಂತಹ ಎರಡು ಕೊಳವೆಗಳಿವೆ. ಮನಸ್ಸು ಬಯಸಿದಾಗ ನರಗಳು ಸುದ್ದಿ ಮುಟ್ಟಿಸುತ್ತವೆ, ನೈಟ್ರಿಕ್ ಆಕ್ಸೈಡ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಧಮನಿಗಳು ಸಡಿಲಗೊಂಡು ಸ್ಪಂಜಿಗೆ ರಕ್ತ ನುಗ್ಗುತ್ತದೆ. ತುಂಬಿ ಉಬ್ಬಿದ ಸ್ಪಂಜು ಹೊರಹೋಗುವ ಅಭಿಧಮನಿಗಳನ್ನು ಒತ್ತಿ ಹಿಡಿಯುವುದರಿಂದ ಬಂದ ರಕ್ತ ಅಲ್ಲೇ ನಿಲ್ಲುತ್ತದೆ. ಅಂದರೆ ಎರಡು ಕೆಲಸ: ತುಂಬುವುದು, ಹಿಡಿದಿಡುವುದು. ವರ್ಷಗಟ್ಟಲೆಯ ಸಕ್ಕರೆ ಕಾಯಿಲೆ ನರವನ್ನೂ ನಾಳವನ್ನೂ ಕೆಡಿಸಿ ಎರಡೂ ಕೆಲಸಗಳಿಗೆ ಅಡ್ಡ ಬರುತ್ತದೆ. ಸಾಧನವು ಆ ಎರಡನ್ನೂ ಹೊರಗಿನಿಂದ ಮಾಡಿಕೊಡುತ್ತದೆ. ಪಾರದರ್ಶಕ ಕೊಳವೆಯೊಳಗಿನ ಗಾಳಿಯನ್ನು ಕೈಪಂಪೋ ಬ್ಯಾಟರಿ ಪಂಪೋ ಹೊರಗೆಳೆದಾಗ ರಕ್ತ ಒಳಗೆ ಬರುತ್ತದೆ. ಬುಡಕ್ಕೆ ಜಾರಿಸಿದ ರಬ್ಬರಿನಂತಹ ಉಂಗುರ ಅದನ್ನು ಅಲ್ಲಿ ಹಿಡಿದಿಡುತ್ತದೆ.

ಇದರ ಕಥೆಯೂ ಹೇಳಬೇಕಾದದ್ದೇ. ಇಂತಹ ಸಾಧನಕ್ಕೆ 1917ರಲ್ಲಿ ಆಟೊ ಲೆಡರರ್ ಎಂಬ ವೈದ್ಯರು ಪೇಟೆಂಟ್ ಪಡೆದಿದ್ದರು, ಆದರೆ ಅದು ಬಳಕೆಗೆ ಬರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಗೆಡ್ಡಿಂಗ್ಸ್ ಆಸ್ಬನ್ ಎಂಬವರು ಅದನ್ನು ಮತ್ತೆ ಕಟ್ಟಿದರು. ಅವರು ವೈದ್ಯರಲ್ಲ, ಟೈರು ವ್ಯಾಪಾರಿ. ತಮಗೇ ಈ ತೊಂದರೆ ಇದ್ದುದರಿಂದ ತಮಗಾಗಿಯೇ ಮಾಡಿಕೊಂಡರು, ವರ್ಷಗಟ್ಟಲೆ ತಾವೇ ಬಳಸಿದರು. 1982ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದರ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಸಿಲ್ಡೆನಾಫಿಲ್ ಬರುವುದಕ್ಕೆ ಹದಿನಾರು ವರ್ಷ ಮೊದಲು. ಗಾಳಿಯ ಒತ್ತಡವನ್ನು ದಿನವೂ ಕೈಯಲ್ಲಿ ಹಿಡಿದು ಬದುಕಿದ ಒಬ್ಬ ಮನುಷ್ಯ ತನ್ನ ದುಃಖಕ್ಕೆ ತನ್ನ ಕಸುಬಿನಿಂದಲೇ ದಾರಿ ಹುಡುಕಿಕೊಂಡರು. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಎಷ್ಟು ಫಲ ಸಿಗುತ್ತದೆ? ಸಂಭೋಗಕ್ಕೆ ಸಾಕಾಗುವಷ್ಟು ಗಡಸುತನ ಪ್ರಕಟಿತ ಅಧ್ಯಯನಗಳಲ್ಲಿ ಶೇ 90ರವರೆಗೂ ಕಂಡುಬಂದಿದೆ, ಅದೂ ಕಾರಣ ಯಾವುದೇ ಇರಲಿ. ಆದರೆ ಬಳಸಿದವರ ತೃಪ್ತಿಯ ಅಂಕಿ ಶೇ 27ರಿಂದ 94ರವರೆಗೆ ಹರಡಿಕೊಂಡಿದೆ. ಇಷ್ಟು ಅಂತರಕ್ಕೆ ಕಾರಣವಿದೆ. ಗಡಸಾಗುವುದೇ ಬೇರೆ, ಹಿತವಾಗುವುದೇ ಬೇರೆ. ಪಂಪು ತರುವ ರಕ್ತದಲ್ಲಿ ಧಮನಿಯದೂ ಅಭಿಧಮನಿಯದೂ ಬೆರೆತಿರುತ್ತದೆ, ಉಂಗುರದಿಂದಾಚೆ ಹರಿವು ನಿಧಾನವಾಗುತ್ತದೆ. ಹಾಗಾಗಿ ಶಿಶ್ನ ತುಸು ನೀಲಿಯಾಗಿ, ಮುಟ್ಟಿದರೆ ತಣ್ಣಗೆ ಇರುತ್ತದೆ. ದೇಹದೊಳಗೆ, ಉಂಗುರದ ಹಿಂದೆ ಉಳಿದ ಬೇರಿನ ಭಾಗ ಗಡಸಾಗುವುದಿಲ್ಲವಾದ್ದರಿಂದ ಬುಡದಲ್ಲಿ ಬಾಗಿಲಿನ ಕೀಲಿನಂತೆ ಅತ್ತಿತ್ತ ಹೊರಳುತ್ತದೆ. ಉಂಗುರವು ಮೂತ್ರನಾಳವನ್ನೂ ಒತ್ತುವುದರಿಂದ ಹಲವರಿಗೆ ವೀರ್ಯ ಹೊರಗೆ ಬರುವುದಿಲ್ಲ, ಕೆಲವರಿಗೆ ಆ ಕ್ಷಣದಲ್ಲಿ ನೋವಾಗುತ್ತದೆ. ಚರ್ಮದ ಮೇಲೆ ಸಾಸಿವೆಯಂತಹ ಕೆಂಪು ಚುಕ್ಕೆಗಳು ಏಳಬಹುದು. ಅವು ಕೆಲವು ದಿನಗಳಲ್ಲಿ ಮಾಯುತ್ತವೆ. ಇದನ್ನೆಲ್ಲ ಯಾರೂ ಮೊದಲೇ ಹೇಳದಿದ್ದರೆ ಮೊದಲ ಸಲ ಬಳಸಿದವನು ಹೆದರಿ ಪೆಟ್ಟಿಗೆಯನ್ನು ಅಟ್ಟಕ್ಕೆ ಸೇರಿಸುತ್ತಾನೆ. ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಮೊದಲ ಮೂರು ತಿಂಗಳಲ್ಲೇ ಬಿಡುತ್ತಾರೆ. ಸಾಧನಕ್ಕಿಂತ ಕಲಿಸಿಕೊಡುವವರ ಕೊರತೆಯೇ ಇಲ್ಲಿ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಕಲಿಯಬೇಕಾದದ್ದು ಮುಖ್ಯವಾಗಿ ಉಂಗುರದ ಶಿಸ್ತು. ಮೂವತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ. ಮೊಬೈಲ್‌ನಲ್ಲಿ ಅಲಾರಂ ಇಡಿ, ನಾಚಿಕೆ ಬೇಡ. ಅದಕ್ಕೂ ಹೆಚ್ಚು ಹೊತ್ತು ಬಿಟ್ಟರೆ ಆಮ್ಲಜನಕವಿಲ್ಲದೆ ಚರ್ಮ, ಅಂಗಾಂಶಗಳೇ ಸಾಯತೊಡಗಬಹುದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿರುವವರಿಗೆ ನೋವು ಎಚ್ಚರಿಸುವುದಿಲ್ಲವಾದ್ದರಿಂದ ಗಡಿಯಾರವೇ ಅವರ ಕಾವಲು. ಉಂಗುರ ಇಟ್ಟುಕೊಂಡು ನಿದ್ದೆ ಹೋಗಬಾರದು, ಮದ್ಯ ಕುಡಿದಾಗ ಬಳಸಲೇಬಾರದು. ಉಂಗುರ ಕಳೆದುಹೋಯಿತೆಂದು ರಬ್ಬರ್ ಬ್ಯಾಂಡ್, ದಾರ, ಲೋಹದ ಬಳೆ ಹಾಕಿಕೊಳ್ಳುವುದು ಅಪಾಯದ ಕೆಲಸ. ಊದಿಕೊಂಡ ಮೇಲೆ ಅವುಗಳನ್ನು ತೆಗೆಯುವುದಕ್ಕೆ ತುರ್ತು ಚಿಕಿತ್ಸಾ ಘಟಕದಲ್ಲಿ ಲೋಹ ಕತ್ತರಿಸುವ ಉಪಕರಣವೇ ಬೇಕಾಗಬಹುದು.

ಉಳಿದದ್ದು ಅಭ್ಯಾಸದಿಂದ ಬರುತ್ತದೆ. ಮೊದಲ ವಾರ ಉಂಗುರವಿಲ್ಲದೆ, ಆತುರವಿಲ್ಲದೆ, ಪಂಪನ್ನು ಮಾತ್ರ ಪಳಗಿಸಿಕೊಳ್ಳಿ. ಬುಡದ ಕೂದಲನ್ನು ಕತ್ತರಿಸಿ, ನೀರಿನಾಧಾರಿತ ಜೆಲ್ ಸವರಿದರೆ ಗಾಳಿ ಸೋರುವುದಿಲ್ಲ. ಎರಡು ಮೂರು ಸಲ ಒತ್ತಿ ತುಸು ನಿಲ್ಲಿಸಿ, ಮತ್ತೆ ಒತ್ತಿ. ಕೆಲವು ನಿಮಿಷಗಳಲ್ಲಿ ಸಾಕಷ್ಟು ತುಂಬುತ್ತದೆ. ನೋವಾದರೆ ಗಾಳಿ ಬಿಡಿ. ವೈದ್ಯಕೀಯ ದರ್ಜೆಯ ಪಂಪಿನಲ್ಲಿ ನಿರ್ವಾತ ಮಿತಿ ಮೀರದಂತೆ ತಡೆಯುವ ಕವಾಟ ಇರುತ್ತದೆ. ಮೊಬೈಲ್‌ನಲ್ಲಿ ಅಗ್ಗವಾಗಿ ಸಿಗುವ ಎಷ್ಟೋ ಪಂಪುಗಳಲ್ಲಿ ಇಲ್ಲದಿರುವುದು ಅದೇ. ಕೊಳ್ಳುವಾಗ ಬೆಲೆಗಿಂತ ಮೊದಲು ಆ ಕವಾಟದ ಬಗ್ಗೆ ವಿಚಾರಿಸಿ.

ಈಗ ನಿಮ್ಮ ಔಷಧದ ಚೀಟಿಗೆ ಬರೋಣ. ರಕ್ತ ತೆಳುವಾಗಿಸುವ ಮಾತ್ರೆ ಎಂದು ಬರೆದಿದ್ದೀರಿ, ಯಾವುದೆಂದು ಬರೆದಿಲ್ಲ. ವ್ಯತ್ಯಾಸ ಇರುವುದು ಅಲ್ಲೇ. ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳಿಂದ ಚರ್ಮದಡಿ ರಕ್ತ ಕಟ್ಟುವುದು ಹೆಚ್ಚಬಹುದು, ವೈದ್ಯರ ಒಪ್ಪಿಗೆ ಬೇಕು. ವಾರ್ಫರಿನ್‌ನಂತಹ ಹೆಪ್ಪುರೋಧಕ ತೆಗೆದುಕೊಳ್ಳುತ್ತಿದ್ದರೆ, ಅಥವಾ ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದರೆ, ಪಂಪು ಬೇಡವೆಂದೇ ಯುರೋಪಿನ ಮೂತ್ರರೋಗ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್ ಕಾಯಿಲೆ) ಇರುವವರು, ಶಿಶ್ನ ತೀರಾ ಬಾಗಿರುವವರು ಕೂಡ ಕೇಳದೆ ಮುಟ್ಟಬಾರದು.

ಹೃದಯದ ಮಾತು ಇನ್ನೊಂದಿದೆ. ಪಂಪು ಹೃದಯಕ್ಕೆ ಭಾರವಲ್ಲ, ಸಂಭೋಗದ ಶ್ರಮ ಮಾತ್ರ ಭಾರವೇ. ಎಸ್ಕಲೇಟರ್ ಕೆಟ್ಟ ದಿನ ಮೆಟ್ರೊ ನಿಲ್ದಾಣದಲ್ಲಿ ಎರಡು ಮಹಡಿಯಷ್ಟು ಮೆಟ್ಟಿಲನ್ನು ಚುರುಕಾಗಿ ಹತ್ತಿದಾಗ ಎದೆ ಹಿಡಿದುಕೊಳ್ಳುವುದಿಲ್ಲ, ಏದುಸಿರು ಬರುವುದಿಲ್ಲ ಎಂದಾದರೆ ಸಾಮಾನ್ಯವಾಗಿ ಹೃದಯ ಆ ಶ್ರಮವನ್ನು ತಾಳುತ್ತದೆ. ನಿಮಗೆ ಎದೆ ಬಿಗಿತ ಈಗಲೂ ಬರುತ್ತಿದ್ದರೆ ಮೊದಲು ಹೃದಯ ವೈದ್ಯರು, ಆಮೇಲೆ ಪಂಪು.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಬೇರೆಯೇ. ನಿಮಿರುವಿಕೆ ಕುಂದಿದ್ದು ನಾಲ್ಕು ವರ್ಷಗಳ ಹಿಂದೆ, ಸ್ಟೆಂಟ್ ಹಾಕಿದ್ದು ಎರಡು ವರ್ಷಗಳ ಹಿಂದೆ. ಶಿಶ್ನದ ಧಮನಿಗಳು ಒಂದೆರಡು ಮಿಲಿಮೀಟರ್ ಅಗಲ, ಹೃದಯದ ಧಮನಿಗಳು ಮೂರು ನಾಲ್ಕು ಮಿಲಿಮೀಟರ್. ಕೊಬ್ಬು ಕಟ್ಟುವ ಕಾಯಿಲೆ ಸಣ್ಣ ನಾಳದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ, ಹೃದಯಕ್ಕಿಂತ ಎರಡರಿಂದ ಐದು ವರ್ಷ ಮೊದಲೇ ಸೂಚನೆ ಬರುವುದುಂಟು. ನಿಮಗೂ ಆ ಸೂಚನೆ ಬಂದಿತ್ತೇನೋ. ನೀವು ಹೇಳಲಿಲ್ಲ, ಸಕ್ಕರೆ ಪರೀಕ್ಷೆಗೆ ಹೋದಾಗ ಯಾರೂ ಕೇಳಲೂ ಇಲ್ಲ. ತಪ್ಪು ನಿಮ್ಮೊಬ್ಬರದಲ್ಲ, ನಮ್ಮ ಹೊರರೋಗಿ ವಿಭಾಗಗಳಲ್ಲಿ ಪಾದ ನೋಡುತ್ತಾರೆ, ಕಣ್ಣು ನೋಡುತ್ತಾರೆ, ಈ ಒಂದು ಪ್ರಶ್ನೆಯನ್ನು ಮಾತ್ರ ನುಂಗಿಕೊಳ್ಳುತ್ತಾರೆ. ಇದನ್ನು ಓದುತ್ತಿರುವ ನಲವತ್ತರ ಆಸುಪಾಸಿನವರೇ, ನಿಮಗೆ ಈ ತೊಂದರೆ ಈಗಷ್ಟೇ ಶುರುವಾಗಿದ್ದರೆ ಪಂಪು ಹುಡುಕುವ ಮೊದಲು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳಿ. ಸಿಗರೇಟು ಸೇದುತ್ತಿದ್ದರೆ ಇಂದೇ ಬಿಡಿ.

ಎಲ್ಲಿಗೆ ಹೋಗಬೇಕು? ಮೂತ್ರರೋಗ ತಜ್ಞರ ಬಳಿಗೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೊ ಯುರಾಲಜಿ ಸಂಸ್ಥೆಯೂ ಇದೆ, ಖಾಸಗಿ ಆಸ್ಪತ್ರೆಗಳೂ ಇವೆ. ಪಂಪು ಒಗ್ಗದಿದ್ದರೆ ಚುಚ್ಚುಮದ್ದು, ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಇಂಪ್ಲಾಂಟ್ ಮುಂತಾದ ದಾರಿಗಳನ್ನೂ ಅವರೇ ಹೇಳುತ್ತಾರೆ. ಬಾಗಿಲು ಮುಚ್ಚಿದ ಮೇಲೆ ‘ನಿಮಿರುವಿಕೆ ಸಮಸ್ಯೆ’ ಎಂಬ ಎರಡೇ ಪದ ಸಾಕು.

ಕೊನೆಯ ಪ್ರಶ್ನೆ, ಹೆಂಡತಿಗೆ ತಿಳಿಯದಂತೆ. ಸಾಧ್ಯವಿಲ್ಲ, ಮಾಡಲೂಬೇಡಿ. ಕೊಳವೆಯನ್ನು ಬಚ್ಚಲುಮನೆಯಲ್ಲಿ ಬಚ್ಚಿಡಬಹುದು, ತಣ್ಣಗಿನ ಸ್ಪರ್ಶವನ್ನು ಬಚ್ಚಿಡಲಾಗದು. ನಾಲ್ಕು ವರ್ಷಗಳಿಂದ ನೀವು ಮಗ್ಗುಲು ಬದಲಿಸುತ್ತಿರುವುದಕ್ಕೆ ಅವರೂ ಮನಸ್ಸಿನಲ್ಲೇ ಏನೋ ಕಾರಣ ಕಟ್ಟಿಕೊಂಡಿರುತ್ತಾರೆ. ತನ್ನ ಮೇಲೆ ಪ್ರೀತಿ ಇಲ್ಲವಾಯಿತು ಎಂದೋ, ತನಗೆ ವಯಸ್ಸಾಯಿತು ಎಂದೋ. ಸಕ್ಕರೆ ಕಾಯಿಲೆ ನರ, ನಾಳಗಳಿಗೆ ಮಾಡಿರುವ ಹಾನಿ ಇದು ಎಂದು ನಿಮ್ಮ ಬಾಯಿಂದಲೇ ಅವರು ಕೇಳಲಿ. ಪಂಪು ಒತ್ತುವುದನ್ನು, ಉಂಗುರ ಜಾರಿಸುವುದನ್ನು ಅವರೂ ಕಲಿತರೆ ಕಾಯುವ ಆ ಕೆಲವು ನಿಮಿಷಗಳಲ್ಲಿ ನೀವು ಒಂಟಿಯಾಗಿರುವುದಿಲ್ಲ. ಪೆಟ್ಟಿಗೆ ತರಿಸುವ ಮೊದಲು, ಒಂದು ಸಂಜೆ ಮಕ್ಕಳು ಮನೆಯಲ್ಲಿಲ್ಲದಾಗ, ಈ ಪತ್ರವನ್ನೇ ಅವರ ಕೈಗೆ ಕೊಡಬಹುದು.