ಕೆಂಪು ನಾಬ್ ಮುಟ್ಟು, ಎಳೆಯಬೇಡ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಟುಪೊಲೆವ್-142 ವಿಮಾನ ನಿಲ್ಲಿಸಿದ್ದಾರಲ್ಲ, ಅದನ್ನು ತೋರಿಸಲು ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ನಾಲ್ಕು ಇಂಜಿನ್ ಎಣಿಸಿದ. ನೀನು ಕಲಿಸುವ ವಿಮಾನಕ್ಕೆ ಎಷ್ಟು ಅಂತ ಕೇಳಿದ. ಒಂದೇ ಎಂದೆ.

"ಅದು ಬಂದಾದ್ರೆ ಬಿದ್ದೇ ಹೋಗ್ತು ಅಲ್ದಾ ಮಾವ?"

ಬೀಳುವುದಿಲ್ಲ, ಜಾರುತ್ತಾ ಇಳಿಯುತ್ತದೆ. ಹಳೆಯ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಮಾದರಿಯ ಸೆಸ್ನಾ 172 ವಿಮಾನವನ್ನು ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಹಿಡಿದರೆ, ಸಾವಿರ ಅಡಿ ಇಳಿಯುವಷ್ಟರಲ್ಲಿ ಎರಡೂವರೆ ಕಿಲೋಮೀಟರ್ ದಾಟಬಹುದು. ಇದನ್ನೇ ನಾವು ಅಭ್ಯಾಸ ಮಾಡಿಸುತ್ತೇವೆ. ಪಕ್ಕದಲ್ಲಿ ಕೂತ ನಾನು ಥ್ರಾಟಲ್, ಅಂದರೆ ಇಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿ, ಹಿಂದಕ್ಕೆ ಎಳೆದು "ಇಂಜಿನ್ ಹೋಯ್ತು" ಅನ್ನುತ್ತೇನೆ. ಕಲಿಯುವವರು ಮೊದಲು ವೇಗ ಹಿಡಿಯಬೇಕು, ಇಳಿಯಲು ಜಾಗ ಹುಡುಕಬೇಕು, ಆಮೇಲೆ ಇಂಜಿನ್ ಯಾಕೆ ನಿಂತಿತು ಅಂತ ನೋಡಬೇಕು.

ನನಗೆ ಭಯ ಇರುವುದು ಈ ಆಟ ನಿಜವಾಗಿಬಿಟ್ಟರೆ ಅಂತ. ಒಮ್ಮೆ ಆಗಿಯೂ ಇತ್ತು. ಇಳಿಯುವ ಮುಂಚೆ ಬೆಂಕಿ ಹೊತ್ತಬಾರದು ಅಂತ ಪೆಟ್ರೋಲ್ ಬಂದ್ ಮಾಡುವ ಕ್ರಮ ಒಂದಿದೆ. ಅಭ್ಯಾಸದಲ್ಲಿ ಅದನ್ನು ಬರೀ ಮುಟ್ಟಿ, ಬಾಯಲ್ಲಿ ಹೇಳಬೇಕು. ಹೊಸ ಹುಡುಗ ಗಾಬರಿಯಲ್ಲಿ ಮಿಕ್ಸ್ಚರ್‌ನ, ಅಂದರೆ ಇಂಜಿನ್‌ಗೆ ಹೋಗುವ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ, ಕೆಂಪು ನಾಬನ್ನು ಪೂರ್ತಿ ಎಳೆದೇ ಬಿಟ್ಟ. ಇಂಜಿನ್ ಸದ್ದು ನಿಂತಿತು. ಪ್ರೊಪೆಲ್ಲರ್ ಮಾತ್ರ ಗಾಳಿಗೆ ತಿರುಗುತ್ತಿತ್ತು. ಅದು ತಿರುಗುತ್ತಿದ್ದ ಕಾರಣಕ್ಕೇ, ನಾಬ್ ಒಳಗೆ ತಳ್ಳಿದ ಕೂಡಲೇ ಇಂಜಿನ್ ಮತ್ತೆ ಹತ್ತಿಕೊಂಡಿತು. ಕೆಳಗೆ ಎರಡು ಸಾವಿರ ಅಡಿ ಇತ್ತು, ಬಚಾವ್. ತಪ್ಪು ಅವನದಲ್ಲ. "ಮುಟ್ಟು, ಎಳೆಯಬೇಡ" ಅಂತ ನೆಲದ ಮೇಲೆ ಕೂತು ಹೇಳಬೇಕಿದ್ದವನು ನಾನು. ಅವತ್ತು ಹೊತ್ತಾಯಿತು ಅಂತ ಆ ಮಾತುಕತೆ ಮುಗಿಸಿಯೇ ಇರಲಿಲ್ಲ.

ಇನ್ನೊಂದು ಶತ್ರು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕರಾವಳಿಯ ಗಾಳಿ ಗೊತ್ತಲ್ಲ, ಡಬ್ಬಿ ಮುಚ್ಚಳ ಸಡಿಲ ಇದ್ದರೆ ಸಂಜೆಯೊಳಗೆ ಹಪ್ಪಳ ಮೆತ್ತಗೆ. ಇಂಥ ಗಾಳಿ ಕಾರ್ಬ್ಯುರೇಟರ್‌ಗೆ ಹೋದರೆ ಒಳಗೆ ಮಂಜುಗಡ್ಡೆ ಕಟ್ಟಬಹುದು. ಪೆಟ್ರೋಲ್ ಆವಿಯಾಗುವಾಗ ಅಲ್ಲಿನ ಉಷ್ಣಾಂಶ 30 ಡಿಗ್ರಿಯಷ್ಟು ಇಳಿಯಬಹುದು, ಹೊರಗೆ ಬೆವರು ಸುರಿಯುತ್ತಿದ್ದರೂ. ಥ್ರಾಟಲ್ ಮುಚ್ಚಿದಾಗ ಗಾಳಿ ಹೋಗುವ ಸಂದಿ ಚಿಕ್ಕದು, ಬೇಗ ಕಟ್ಟಿಕೊಳ್ಳುತ್ತದೆ. ಹಾಗಾಗಿ ಥ್ರಾಟಲ್ ಎಳೆಯುವ ಮೊದಲೇ ಕಾರ್ಬ್ ಹೀಟ್ ಹಾಕುತ್ತೇನೆ. ಸೈಲೆನ್ಸರ್ ಸುತ್ತ ಬಿಸಿಯಾದ ಗಾಳಿ ಒಳಗೆ ಬರುತ್ತದೆ. ಇಳಿಯುತ್ತಾ ಪ್ರತಿ 500 ಅಡಿಗೆ ಒಮ್ಮೆ ಥ್ರಾಟಲ್ ತೆರೆದು ಇಂಜಿನ್ ಓಗೊಡುತ್ತದಾ ನೋಡುತ್ತೇನೆ. ಸುಮ್ನೆ ಅಲ್ಲ. ಅಷ್ಟು ಹೊತ್ತು ತಣ್ಣಗಾದ ಇಂಜಿನ್ ಕೊನೆಗೆ ಬೇಕಾದಾಗ ಕೆಮ್ಮಿದರೆ ಏನು ಮಾಡುವುದು? ನೆಲದಿಂದ 500 ಅಡಿಗೆ ಬರುವ ಮುಂಚೆ ಆಟ ಮುಗಿಸಿ ಮೇಲಕ್ಕೆ ಏರುತ್ತೇವೆ. ಅದಕ್ಕಿಂತ ಕೆಳಗೆ ಕರೆಂಟ್ ತಂತಿ, ಹದ್ದು ಎಲ್ಲ ಜಾಸ್ತಿ.

ನೆಲದಿಂದ ಅಂದೆ, ಸಮುದ್ರದಿಂದ ಅಲ್ಲ. ಎತ್ತರ ತೋರಿಸುವ ಆಲ್ಟಿಮೀಟರ್ ಸಾಮಾನ್ಯವಾಗಿ ಸಮುದ್ರ ಮಟ್ಟದಿಂದ ಅಳೆಯುತ್ತದೆ. ಅದು 3000 ಅಡಿ ತೋರಿಸಿದರೆ ಕಾರವಾರದ ಮೇಲೆ ಕೆಳಗಿರುವುದು ಹೆಚ್ಚುಕಡಿಮೆ ಪೂರ್ತಿ 3000. ಶಿರಸಿಯ ಮೇಲೆ ಹಾಗಲ್ಲ. ಊರೇ ಎರಡು ಸಾವಿರ ಅಡಿಯ ಹತ್ತಿರ ಇದೆ, ಉಳಿಯುವುದು ಸಾವಿರ ಚಿಲ್ಲರೆ.

ಮನೆಗೆ ವಾಪಸ್ ಹೋಗುವಾಗ ಕುಮಟೆ ದಾಟಿ, ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆ ಬಂದೆವು. ಈಗ ನಮ್ಮ ತಲೆ ಮೇಲೆ ಇಂಜಿನ್ ನಿಂತರೆ ಎಲ್ಲಿ ಇಳಿಸ್ತೆ ಅಂತ ಕೇಳಿದೆ. ರಸ್ತೆ ಪಕ್ಕದ ಅಡಿಕೆ ತೋಟ ತೋರಿಸಿದ. ಮೇಲಿಂದ ನೋಡಿದರೆ ಹಸಿರು ಕಂಬಳಿ ಹಾಸಿದ ಹಾಗೆ ಕಾಣುತ್ತದೆ, ನಿಜ. ಮರ ಎಷ್ಟು ಎತ್ತರ ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾದ್ರೆ ಕುಮಟೆಗೇ ಹೋಪ."

"ಎರಡೂವರೆ ಕಿಲೋಮೀಟರಲ್ಲಿ ಕುಮಟೆ ಬರ್ತಿಲ್ಲೆ, ಅಪ್ಪಿ."