ಡಿಲೀಟ್ ಆಗ್ತಿಲ್ಲ ಅಂತ ಫೋನ್ ಮಾಡೋ ಮುಂಚೆ ಆ ಮೆಸೇಜ್ ಓದಿ ಮಾರಾಯ್ರೆ

"ಸಾರ್, ಒಂದು ಫೈಲು ಡಿಲೀಟೇ ಆಗ್ತಿಲ್ಲ, ವೈರಸ್ ಇರ್ಬೇಕು." "ಏನು ಮೆಸೇಜ್ ಬರ್ತಿದೆ?" "ಏನೋ ಬರುತ್ತೆ ಸಾರ್, ನಾನು ಕ್ಯಾನ್ಸಲ್ ಒತ್ತಿಬಿಡ್ತೀನಿ."

ಈ ಮಾತು ಎಷ್ಟು ಸಲ ಕೇಳಿದೀನೋ ಲೆಕ್ಕ ಇಟ್ಟಿಲ್ಲ. ನೀವು ಓದದೆ ಕ್ಯಾನ್ಸಲ್ ಒತ್ತಿದ ಆ ಪುಟ್ಟ ಡಬ್ಬಿಯಲ್ಲೇ ಉತ್ತರ ಬರೆದಿರುತ್ತೆ, ಎಷ್ಟೋ ಸಲ ಪ್ರೋಗ್ರಾಂ ಹೆಸರು ಸಮೇತ. ಫೈಲ್ ವರ್ಡ್‌ನಲ್ಲಿ ತೆರೆದಿದೆ, ಎಕ್ಸೆಲ್‌ನಲ್ಲಿ ತೆರೆದಿದೆ ಅಂತ ವಿಂಡೋಸ್ ನೇರವಾಗಿ ಹೇಳ್ತಾ ಇರುತ್ತೆ. ಅದನ್ನ ಬಿಟ್ಟು ಎಲ್ಲಿಂದಲೋ ಒಂದು ಅನ್‌ಲಾಕರ್, ಅಂದ್ರೆ ಫೈಲ್‌ನ ಬಲವಂತವಾಗಿ ಬಿಡಿಸೋ ಪ್ರೋಗ್ರಾಂ, ಡೌನ್‌ಲೋಡ್ ಮಾಡ್ಕೊಂಡು ಬರ್ತಾರೆ, ಅದರ ಜೊತೆ ಇನ್ನೇನೇನೋ ಬಂದು ಬ್ರೌಸರ್‌ನ ಹೋಮ್ ಪೇಜೇ ಬದಲಾಗಿರುತ್ತೆ, ಆಮೇಲೆ ನನಗೆ ಫೋನು. ನೆಗಡಿ ಆಯ್ತು ಅಂತ ಮೂಗು ಕೊಯ್ಕೊಂಡ ಹಾಗೆ.

ಡಿಲೀಟ್ ಆಗದ ಫೈಲ್‌ಗಳೆಲ್ಲಾ ಒಂದೇ ಜಾತಿ ಅಲ್ಲ. ಯಾವುದೋ ಪ್ರೋಗ್ರಾಂ ಹಿಡ್ಕೊಂಡಿರಬಹುದು, ನಿಮಗೆ ಪರ್ಮಿಶನ್ ಇಲ್ಲದಿರಬಹುದು, ಇಲ್ಲಾ ಹೆಸರಲ್ಲೇ ತಕರಾರು ಇರಬಹುದು. ನನ್ನ ಹತ್ರ ಬರೋದು ಹೆಚ್ಚಾಗಿ ಮೊದಲನೇದು, ಜನಕ್ಕೆ ತಲೆಗೆ ಹೋಗದೇ ಇರೋದೂ ಅದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಒಂದು ಪ್ರೋಗ್ರಾಂ ಫೈಲ್ ತೆರೀಬೇಕು ಅಂದ್ರೆ ವಿಂಡೋಸ್‌ನ ಕೇಳ್ಬೇಕು. ವಿಂಡೋಸ್ ಅದಕ್ಕೊಂದು ಹ್ಯಾಂಡಲ್ ಕೊಡುತ್ತೆ, ಟೋಕನ್ ನಂಬರ್ ಅನ್ಕೊಳ್ಳಿ. ತೆರೆಯೋವಾಗಲೇ ಆ ಪ್ರೋಗ್ರಾಂ ಹೇಳಿರುತ್ತೆ, ನಾನಿಟ್ಕೊಂಡಿರೋವಾಗ ಬೇರೆಯವರು ಓದಬಹುದಾ, ಬರೀಬಹುದಾ, ಅಳಿಸಬಹುದಾ ಅಂತ. ಅಳಿಸೋದಕ್ಕೆ ಒಪ್ಪಿಗೆ ಕೊಟ್ಟಿಲ್ಲ ಅಂದ್ರೆ ಆ ಟೋಕನ್ ವಾಪಸ್ ಬರೋವರೆಗೂ ನೀವು ಎಷ್ಟು ಸಲ ಡಿಲೀಟ್ ಒತ್ತಿದ್ರೂ ವಿಂಡೋಸ್ ಒಪ್ಪಲ್ಲ. ಅಂದ್ರೆ ಈ ಬೀಗ ಡಿಸ್ಕಿನ ಮೇಲಿರೋ ಫೈಲ್‌ಗೆ ಅಂಟಿಕೊಂಡಿರೋದಲ್ಲ, ಓಡ್ತಾ ಇರೋ ಪ್ರೋಗ್ರಾಂನ ಕೈಯಲ್ಲಿರೋದು. ಆ ಪ್ರೋಗ್ರಾಂ ಮುಚ್ಚಿದ ಕ್ಷಣ ಅದರ ಎಲ್ಲಾ ಹ್ಯಾಂಡಲ್‌ನ ವಿಂಡೋಸ್ ತಾನೇ ವಾಪಸ್ ತಗೊಳ್ಳುತ್ತೆ, ಫೈಲು ಪಾಪದ ಹಾಗೆ ಡಿಲೀಟ್ ಆಗುತ್ತೆ.

"ಎಲ್ಲಾ ಕ್ಲೋಸ್ ಮಾಡಿದೀನಿ ಸಾರ್" ಅಂತೀರ. ಕಿಟಕಿ ಮುಚ್ಚಿದೀರ ಅಷ್ಟೆ. ಪ್ರೋಗ್ರಾಂ ಇನ್ನೂ ಗಡಿಯಾರದ ಪಕ್ಕ ಪುಟ್ಟ ಐಕಾನ್ ಆಗಿ ಕೂತಿರುತ್ತೆ, ಆಂಟಿವೈರಸ್ ಆ ಫೈಲ್‌ನ ಸ್ಕ್ಯಾನ್ ಮಾಡ್ತಿರುತ್ತೆ, ಕ್ಲೌಡ್ ಸಿಂಕ್ ಅಪ್‌ಲೋಡ್ ಮಾಡ್ತಿರುತ್ತೆ. ಒಬ್ಬರು ಒಂದು ವಿಡಿಯೋ ಫೈಲ್ ಜೊತೆ ಎರಡು ದಿನ ಗುದ್ದಾಡಿದ್ರು, ಮೆಸೇಜಲ್ಲಿ ಕಾಮ್ ಸರೋಗೇಟ್ ಅಂತ ಹೆಸರು ಬರ್ತಿತ್ತಂತೆ, ವೈರಸ್ಸೇ ಅಂತ ತೀರ್ಮಾನ ಮಾಡಿ ವಿಂಡೋಸ್ ರೀಇನ್‌ಸ್ಟಾಲ್ ಮಾಡೋಕೆ ಹೊರಟಿದ್ರು. ಅದು ವಿಂಡೋಸ್‌ನದೇ ಪ್ರೋಗ್ರಾಂ, ಥಂಬ್‌ನೇಲ್ ತೋರ್ಸೋ ಕೆಲಸಾನೂ ಅದು ಮಾಡುತ್ತೆ. ಅವರು ಅಳಿಸೋಕಂತ ಫೋಲ್ಡರ್ ತೆರೀತಿದ್ರು, ಪ್ರಿವ್ಯೂ ತೋರ್ಸೋಕಂತ ಅದು ಫೈಲ್ ಹಿಡ್ಕೊಳ್ತಿತ್ತು! ಪ್ರಿವ್ಯೂ ಪೇನ್ ಆಫ್ ಮಾಡಿಸಿ ವ್ಯೂನ ಡೀಟೇಲ್ಸ್‌ಗೆ ಹಾಕಿಸಿದೆ, ಹೋಯ್ತು. ಮುಖ ನೋಡೋಕಾಗ್ಲಿಲ್ಲ ಪಾಪ, ನಗಬಾರದು ಅಂತ ತಡ್ಕೊಂಡೆ.

ಹೆಸರು ಬರದೇ ಬರೀ 'ಬೇರೆ ಪ್ರೋಗ್ರಾಂನಲ್ಲಿ ತೆರೆದಿದೆ' ಅಂತ ಬಂದ್ರೆ ಹುಡುಕೋಕೆ ದಾರಿ ವಿಂಡೋಸ್‌ನಲ್ಲೇ ಇದೆ. ಸ್ಟಾರ್ಟ್‌ನಲ್ಲಿ ರಿಸೋರ್ಸ್ ಮಾನಿಟರ್ ಅಂತ ಹುಡುಕಿ ತೆರೀರಿ, ಸಿಪಿಯು ಟ್ಯಾಬ್, ಅದರಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಪಕ್ಕದ ಡಬ್ಬಿಯಲ್ಲಿ ಫೈಲ್ ಹೆಸರು ಹಾಕಿ, ಯಾರ ಕೈಯಲ್ಲಿದೆ ಅಂತ ಸಾಮಾನ್ಯವಾಗಿ ಗೊತ್ತಾಗುತ್ತೆ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಅನ್ನೋ ಟೂಲ್‌ಗಳ ಕಟ್ಟು ಹಾಕ್ಕೊಂಡಿದ್ರೆ ಫೈಲ್ ಲಾಕ್‌ಸ್ಮಿತ್ ಅಂತ ಇದೆ, ರೈಟ್ ಕ್ಲಿಕ್‌ನಲ್ಲೇ ಸಿಗುತ್ತೆ. ನಾನು ಬಳಸೋದು ಪ್ರೊಸೆಸ್ ಎಕ್ಸ್‌ಪ್ಲೋರರ್. 2006ರಲ್ಲಿ ಮೈಕ್ರೋಸಾಫ್ಟ್ ಕೊಂಡ್ಕೊಂಡ ಸಿಸ್‌ಇಂಟರ್ನಲ್ಸ್‌ನವರದ್ದು, ಇವತ್ತಿಗೂ ಫ್ರೀ.

ಇಲ್ಲೊಂದು ಎಚ್ಚರಿಕೆ. ಅದರಲ್ಲಿ ಕ್ಲೋಸ್ ಹ್ಯಾಂಡಲ್ ಅಂತ ಒಂದು ಆಪ್ಷನ್ ಇದೆ, ದಯವಿಟ್ಟು ಅದರ ತಂಟೆಗೆ ಹೋಗ್ಬೇಡಿ. ಪ್ರೋಗ್ರಾಂಗೆ ಹೇಳದೆ ಅದರ ಕೈಯಿಂದ ಟೋಕನ್ ಕಿತ್ಕೊಂಡ್ರೆ, ಅದೇ ನಂಬರನ್ನ ವಿಂಡೋಸ್ ಆಮೇಲೆ ಅದೇ ಪ್ರೋಗ್ರಾಂ ತೆರೆಯೋ ಇನ್ನೊಂದು ಫೈಲ್‌ಗೆ ಕೊಡಬಹುದು, ಆಗ ಅದು ಹಳೇ ಫೈಲ್ ಅನ್ಕೊಂಡು ಹೊಸದರ ಮೇಲೆ ಬರೆದುಬಿಡುತ್ತೆ. ಪ್ರತಿ ಸಲ ಹಾಗಾಗುತ್ತೆ ಅಂತ ಹೇಳ್ತಿಲ್ಲ, ಆದ್ರೆ ಲೆಕ್ಕಪತ್ರದ ಸಾಫ್ಟ್‌ವೇರ್ ಓಡ್ತಿರೋವಾಗ ಈ ಆಟ ಆಡಿದವರ ಡೇಟಾ ಸರಿಮಾಡೋಕೆ ನಾನು ಒಂದು ಇಡೀ ಭಾನುವಾರ ಕೂತಿದೀನಿ.

ಇನ್ನು "ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ, ಆದ್ರೂ ಹೋಗ್ತಿಲ್ಲ" ಅನ್ನೋರು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಬಂದಿದೆ, ಅದು ಆನ್ ಇದ್ರೆ ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದ್ರೆ ಸಿಸ್ಟಮ್‌ನ ಒಳಗಿನ ಭಾಗ ಪೂರ್ತಿ ಸಾಯಲ್ಲ, ನಿದ್ದೆ ಮಾಡಿ ಎದ್ದು ಬರುತ್ತೆ. ರೀಸ್ಟಾರ್ಟ್ ಒತ್ತಿದ್ರೆ ಮಾತ್ರ ಎಲ್ಲಾ ಹೊಸದಾಗಿ ಶುರುವಾಗುತ್ತೆ. ರೀಸ್ಟಾರ್ಟ್, ಶಟ್‌ಡೌನ್ ಅಲ್ಲ. ನಾನು ಫೋನಲ್ಲಿ ಹೇಳಿದಾಗ್ಲೂ ಹತ್ತರಲ್ಲಿ ಎಂಟು ಜನ ಶಟ್‌ಡೌನೇ ಒತ್ತಿರ್ತಾರೆ ಅಂತ ನನ್ನ ಗುಮಾನಿ.

ಪರ್ಮಿಶನ್ ಮೆಸೇಜ್ ಬಂದ್ರೆ ನೀವು ಅಡ್ಮಿನ್ ಆಗಿದ್ರೂ ಒಂದ್ ನಿಮಿಷ ನಿಲ್ಲಿ. ಟ್ರಸ್ಟೆಡ್ ಇನ್‌ಸ್ಟಾಲರ್ ಹೆಸರು ಕಂಡ್ರೆ ಅದು ಸಾಮಾನ್ಯವಾಗಿ ವಿಂಡೋಸ್‌ನ ಸ್ವಂತ ಫೈಲು, ಓನರ್‌ಶಿಪ್ ಕಿತ್ಕೊಂಡು ಅಳಿಸೋ ವಿಧಾನ ಇದೆ, ನಾನಿಲ್ಲಿ ಹೇಳಲ್ಲ. ಜಾಗ ಬೇಕಿದ್ರೆ ಡಿಸ್ಕ್ ಕ್ಲೀನಪ್ ಓಡಿಸಿ. ಪಾತ್, ಅಂದ್ರೆ ಫೋಲ್ಡರ್‌ಗಳ ಹೆಸರೆಲ್ಲಾ ಸೇರಿದ ಫೈಲ್‌ನ ಪೂರ್ತಿ ವಿಳಾಸ, ಉದ್ದ ಆಯ್ತು ಅಂತ ತಕರಾರು ಬಂದ್ರೆ ಅದು 260 ಅಕ್ಷರದ ಹಳೇ ಮಿತಿ, ಮೇಲಿನ ಫೋಲ್ಡರ್‌ಗಳ ಹೆಸರನ್ನ ಒಂದೊಂದಕ್ಷರ ಮಾಡ್ತಾ ಬನ್ನಿ, ಸಾಕು.

ಲಿನಕ್ಸ್‌ನವರು ನಗೋದು ಬೇಡ. ಅಲ್ಲಿ ತೆರೆದಿರೋ ಫೈಲ್ ಕೂಡ ಡಿಲೀಟ್ ಆಗುತ್ತೆ ನಿಜ, ಹೋಗೋದು ಹೆಸರು ಮಾತ್ರ, ತೆರೆದಿರೋ ಪ್ರೋಗ್ರಾಂ ಬಿಡೋವರೆಗೂ ಡಿಸ್ಕಲ್ಲಿ ಜಾಗ ಹಿಡ್ಕೊಂಡೇ ಇರುತ್ತೆ. ದೊಡ್ಡ ಲಾಗ್ ಫೈಲ್ ಅಳಿಸಿದ ಒಬ್ಬ ಹುಡುಗ ಡಿಸ್ಕಲ್ಲಿ ಜಾಗಾನೇ ಬರ್ತಿಲ್ಲ ಅಂತ ಗಾಬರಿಯಾಗಿ ಇನ್ನೂ ನಾಲ್ಕು ಫೈಲ್ ಅಳಿಸಿದ್ದ. ಲಾಗ್ ಬರೀತಿದ್ದ ಸರ್ವೀಸ್, ಅಂದ್ರೆ ಹಿಂದೆ ಓಡ್ತಿದ್ದ ಪ್ರೋಗ್ರಾಂ, ಆ ಫೈಲ್‌ನ ಬಿಟ್ಟಿರಲಿಲ್ಲ, ಆ ಸರ್ವೀಸನ್ನ ರೀಸ್ಟಾರ್ಟ್ ಮಾಡಿದ ತಕ್ಷಣ ಜಾಗ ಬಂತು. ಅಳಿಸಿದ ಆ ನಾಲ್ಕನ್ನ ಬ್ಯಾಕಪ್‌ನಿಂದ ತರೋಕೆ ರಾತ್ರಿ ಆಯ್ತು.

ಇಷ್ಟೆಲ್ಲಾ ಉಪದೇಶ ಮಾಡೋ ನಾನೇ ಹೋದ ತಿಂಗಳು ಒಂದು ಖಾಲಿ ಫೋಲ್ಡರ್ ಅಳಿಸೋಕೆ ಅರ್ಧ ಗಂಟೆ ಒದ್ದಾಡಿದೆ. ಆಂಟಿವೈರಸ್‌ಗೆ ಬೈದೆ, ಸಿಂಕ್ ನಿಲ್ಲಿಸಿದೆ. ಕೊನೆಗೆ ಹುಡುಕಿದ್ರೆ ನಾನೇ ಬೆಳಿಗ್ಗೆ ತೆರೆದು ಮಿನಿಮೈಸ್ ಮಾಡಿದ್ದ ಕಮಾಂಡ್ ಪ್ರಾಂಪ್ಟು, ಅದೇ ಫೋಲ್ಡರ್ ಒಳಗೆ ನಿಂತ್ಕೊಂಡು ಮಿಣಮಿಣ ಅಂತಿತ್ತು.