ಗಂಗಾಪೂಜೆಯ ಹೊತ್ತಿಗೂ ಕೈ ಗಟ್ಟಿ ಇರಬೇಕು

ಕೊಡಗಿನಲ್ಲಿ ಮದುವೆ ಫೋಟೋ ತೆಗೆಯುವವರಿಗೆ ಪಂಚಾಂಗದಿಂದ ರಜೆ ಸಿಗುವುದಿಲ್ಲ. ಮಂಡ್ಯ, ಹಾಸನದ ಕಡೆಯ ಸ್ನೇಹಿತರು ಧನುರ್ಮಾಸ ಬಂತೆಂದರೆ ಕ್ಯಾಮೆರಾ ಬ್ಯಾಗಿಗೆ ಸೇರಿಸಿ ಹಳೆಯ ಆಲ್ಬಮ್ ಕೆಲಸ ಮುಗಿಸಿಕೊಳ್ಳುತ್ತಾರೆ. ನಮ್ಮಲ್ಲಿ ಒಬ್ಬರಿಗೆ ಮದುವೆ ಇಲ್ಲದ ತಿಂಗಳು ಇನ್ನೊಬ್ಬರಿಗೆ ಮದುವೆಯ ತಿಂಗಳು. ಗೌಡರ, ಲಿಂಗಾಯತರ, ಬ್ರಾಹ್ಮಣರ ಮನೆಗಳಲ್ಲಿ ಮುಹೂರ್ತ ನಿಲ್ಲುವ ಡಿಸೆಂಬರ್ ಕೊನೆಯಲ್ಲೇ, ಸೇನೆಯಿಂದ, ವಿದೇಶದಿಂದ ರಜೆಗೆ ಬಂದವರಿಗೆ ಅನುಕೂಲವಾಗಲೆಂದು ಕೊಡವ ಮದುವೆಗಳನ್ನು ಇಟ್ಟುಕೊಳ್ಳುತ್ತಾರೆ. ರಂಜಾನ್ ತಿಂಗಳಲ್ಲಿ ನಿಖಾ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಆ ತಿಂಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಲೇ ಇರುತ್ತದೆ. ಬೆಂಗಳೂರಿನವರ ರೆಸಾರ್ಟ್ ಮದುವೆಗೆ ನಕ್ಷತ್ರಕ್ಕಿಂತ ಲಾಂಗ್ ವೀಕೆಂಡ್ ಮುಖ್ಯ. ಎಲ್ಲರ ಮದುವೆಯನ್ನೂ ಒಪ್ಪಿಕೊಳ್ಳುವ ಸ್ಟುಡಿಯೋದವನಿಗೆ ಬಿಡುವು ಅಂತ ಕಾಣುವುದು ಜುಲೈ-ಆಗಸ್ಟಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಮಾತ್ರ.

ಹಾಗಾಗಿ ಬಿಡುವನ್ನು ನಾವೇ ಕ್ಯಾಲೆಂಡರಿನಲ್ಲಿ ಬರೆದಿಡಬೇಕು, ಅದೂ ಮಳೆಗಾಲದಲ್ಲಿ, ಡಿಸೆಂಬರಿನ ಬುಕಿಂಗ್ ಶುರುವಾಗುವ ಮೊದಲೇ. ಸೀಸನ್ ನಡುವೆ ಯಾರೂ ಬಿಡುವು ಕೊಡುವುದಿಲ್ಲ, ನಾವೂ ಕೇಳುವುದಿಲ್ಲ. ಅಡ್ವಾನ್ಸ್ ಕೈಗೆ ಬಂದಿರುತ್ತದೆ.

ನಮ್ಮ ಕಸುಬಿನ ಹೆಚ್ಚಿನವರು ಡೈರಿಯಲ್ಲಿ ಮದುವೆಯ ತಾರೀಕು ಮಾತ್ರ ಬರೆಯುತ್ತಾರೆ. ಶನಿವಾರ, ಭಾನುವಾರ ಮದುವೆ ಕಂಡರೆ ಸೋಮವಾರದಿಂದ ಶುಕ್ರವಾರ ಖಾಲಿ ಎಂದು ತೋರುತ್ತದೆ. ಒಮ್ಮೆ ಲೆಕ್ಕ ಹಾಕಿ ನೋಡಿ. ಎರಡು ದಿನದ ಮದುವೆಗೆ ಇಬ್ಬರು ಸೇರಿ ತೆಗೆದದ್ದು 6,000 ಚಿತ್ರ ಎಂದುಕೊಳ್ಳೋಣ. ಒಂದೊಂದನ್ನು ಬರೀ 2 ಸೆಕೆಂಡ್ ನೋಡಿ ಇಡುವುದೋ ಬಿಡುವುದೋ ತೀರ್ಮಾನಿಸಿದರೂ ಅದಕ್ಕೇ ಮೂರು ಗಂಟೆ ಮೀರುತ್ತದೆ. ಉಳಿದ 750 ಚಿತ್ರಕ್ಕೆ ತಲಾ ಅರ್ಧ ನಿಮಿಷದ ಕಲರ್ ಕರೆಕ್ಷನ್ ಎಂದರೆ ಇನ್ನೂ ಆರು ಗಂಟೆ. ಆಲ್ಬಮ್ ವಿನ್ಯಾಸ, ಪಾರ್ಟಿಯವರ ತಿದ್ದುಪಡಿ, ಹೈಲೈಟ್ ವಿಡಿಯೋ ಇದರಲ್ಲಿ ಸೇರಿಲ್ಲ. ವಿಡಿಯೋ ಒಂದೇ ಇಡೀ ಫೋಟೋ ಕೆಲಸದಷ್ಟು ಹೊತ್ತು ತಿನ್ನುತ್ತದೆ. ಖಾಲಿ ಕಂಡ ವಾರ ಖಾಲಿಯಲ್ಲ. ಮುಂದಿನ ಶನಿವಾರ ಮತ್ತೊಂದು ಮದುವೆಗೆ ಹೊರಡುವಾಗ ಹಿಂದಿನದು ಹಾರ್ಡ್ ಡಿಸ್ಕಿನಲ್ಲಿ ಹಾಗೇ ಕೂತಿರುತ್ತದೆ. ಮದುವೆಗಳು ಹೆಚ್ಚಾದಂತೆ ಆ ಬಾಕಿಯೇ ರಾತ್ರಿ ಎರಡು ಗಂಟೆಗೆ ಎಚ್ಚರ ಮಾಡುತ್ತದೆ. ಕ್ಯಾಮೆರಾ ಹೊತ್ತು ಸುಸ್ತಾದವರನ್ನು ನಾನು ಕಡಿಮೆ ನೋಡಿದ್ದೇನೆ. ಈ ಬಾಕಿಯ ಭಾರಕ್ಕೆ ಕಸುಬು ಬಿಟ್ಟವರನ್ನು ನೋಡಿದ್ದೇನೆ.

ಆದ್ದರಿಂದ ಬುಕಿಂಗ್ ಬಂದ ಕೂಡಲೇ ಮದುವೆಯ ದಿನದ ಜೊತೆಗೆ ಅದರ ಕಾಪಿ ಮಾಡುವ ದಿನ, ಆಯ್ಕೆಯ ದಿನ, ಎಡಿಟಿಂಗ್ ದಿನಗಳನ್ನೂ ಅದೇ ಕ್ಯಾಲೆಂಡರಿನಲ್ಲಿ ಬೇರೆ ಬಣ್ಣದಲ್ಲಿ ತುಂಬಿಬಿಡಿ. ಆ ಬಣ್ಣ ಮುಂದಿನ ಮದುವೆಯ ಮೇಲೆ ಹತ್ತಿ ಕೂತಿತೆಂದರೆ ಆ ಡೇಟ್ ನಿಮ್ಮದಲ್ಲ. ಪಾರ್ಟಿಯವರಿಗೂ ಡೆಲಿವರಿ ದಿನವನ್ನು ಇದನ್ನು ನೋಡಿಯೇ ಹೇಳಬೇಕು. ಆಸೆಗೆ ಬಿದ್ದು ‘ತಿಂಗಳಲ್ಲಿ ಕೊಡ್ತೀನಿ’ ಅಂದವನಿಗೆ ಎರಡನೇ ತಿಂಗಳಲ್ಲಿ ದಿನಾ ಫೋನು.

ಇನ್ನು ಮದುವೆಯ ದಿನಕ್ಕೆ ಬರೋಣ. ಕೊಡವ ಮದುವೆಯಲ್ಲಿ ಪುರೋಹಿತರಿಲ್ಲ. ಮುಹೂರ್ತದ ಹೊತ್ತಿಗೆ ಮುಕ್ಕಾಲಿಯ ಮೇಲೆ ಕೂತ ಮದುಮಗನಿಗೋ ಮದುಮಗಳಿಗೋ ತಾಯಿಯಿಂದ ಶುರುವಾಗಿ ಹಿರಿಯರು, ನೆಂಟರು, ಊರವರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿ ಎಂಬ ಕೊಳವೆಯಿರುವ ಪಾತ್ರೆಯಿಂದ ಹಾಲು ಕುಡಿಸಿ, ಕೈಗೆ ಹಣವಿಟ್ಟು ಹರಸಿ ಹೋಗುತ್ತಾರೆ. ನೋಡುವವರಿಗೆ ಒಂದೇ ದೃಶ್ಯ ನೂರಾರು ಸಲ. ಆದರೆ ಆ ಸಾಲಿನಲ್ಲಿ ಒಬ್ಬರ ಫೋಟೋ ತಪ್ಪಿದರೂ ‘ನಾವು ಬಂದದ್ದೇ ಆಲ್ಬಮಿನಲ್ಲಿ ಇಲ್ಲವಲ್ಲ’ ಎಂಬ ಮಾತು ಬರುತ್ತದೆ. ಬಂದವರ ಹಾಜರಿ ಪುಸ್ತಕ ಅದು. ಫೋಟೋಗ್ರಾಫರ್ ಕದಲುವ ಹಾಗಿಲ್ಲ. ಬಾಗಿ, ಎದ್ದು, ಅಕ್ಕಿ ಬೀಳುವ ಕ್ಷಣಕ್ಕೆ ಒತ್ತಿ, ಮತ್ತೆ ಬಾಗಿ. ಇಡೀ ದಿನದಲ್ಲಿ ಸೊಂಟವನ್ನೂ ತಲೆಯನ್ನೂ ಹೆಚ್ಚು ಹಿಂಡುವ ಭಾಗ ಇದು.

ಇದಕ್ಕೆ ಎರಡು ಉಪಾಯ. ಒಂದು, ಈ ಸಾಲಿಗೆ ಒಬ್ಬನೇ ನಿಲ್ಲಬಾರದು. ಅರ್ಧ ಗಂಟೆ, ನಲವತ್ತು ನಿಮಿಷಕ್ಕೊಮ್ಮೆ ಸೆಕೆಂಡ್ ಶೂಟರ್ ಜೊತೆ ಜಾಗ ಬದಲಾಯಿಸಿ. ಕ್ಯಾಮೆರಾವನ್ನು ಒಂಟಿಕಾಲಿನ ಸ್ಟ್ಯಾಂಡ್, ಅಂದರೆ ಮಾನೊಪಾಡ್ ಮೇಲೆ ಇಡಿ. ಜಾಗ ಬಿಟ್ಟವನು ನೆರೆದವರ ನಗು, ಅಳು, ಹರಟೆ ಹುಡುಕಿಕೊಂಡು ಹೋಗಲಿ. ಕಣ್ಣಿಗೆ ವಿಶ್ರಾಂತಿ, ಆಲ್ಬಮಿಗೂ ಜೀವ. ಎರಡು, ಕೂರುವ ಜಾಗವೂ ಬೆಳಕೂ ಬದಲಾಗದು ಎಂಬುದನ್ನು ನಿಮ್ಮ ಲಾಭಕ್ಕೆ ತಿರುಗಿಸಿಕೊಳ್ಳಿ. ಮೊದಲ ಹಿರಿಯರು ಬರುವ ಮುಂಚೆಯೇ ಎಕ್ಸ್‌ಪೋಷರ್ ಮ್ಯಾನುವಲ್‌ಗೆ ಹಾಕಿ, ಬಣ್ಣದ ಛಾಯೆ ನಿರ್ಧರಿಸುವ ವೈಟ್ ಬ್ಯಾಲೆನ್ಸನ್ನು ಒಂದು ಕೆಲ್ವಿನ್ ಅಂಕಿಗೆ ಕಟ್ಟಿಹಾಕಿ. ಮದುಮಗನ ಬಿಳಿ ಕುಪ್ಯದ (ಉದ್ದನೆಯ ಅಂಗಿಯ) ನೂಲಿನ ನೇಯ್ಗೆ, ಕ್ಯಾಮೆರಾದಲ್ಲಿ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನ ಬಲ ಅಂಚಿಗೆ ಬಡಿಯದ ಹಾಗೆ ನೋಡಿಕೊಳ್ಳಿ. ಮದುಮಗಳ ಕೆಂಪು ಸೀರೆಗೂ ಇದೇ ಎಚ್ಚರ. ಕೆಂಪು ಬಣ್ಣ ಬೇಗ ಮುದ್ದೆಯಾಗಿ ಜರಿ ಕಾಣದಂತಾಗುತ್ತದೆ. ಹಾಲ್‌ನ ಲೈಟು ಮಿನುಗಿ ಚಿತ್ರದಲ್ಲಿ ಪಟ್ಟೆ ಬರುತ್ತಿದ್ದರೆ ಶಟರ್ 1/100ಕ್ಕೆ ಇಳಿಸಿ; ನಮ್ಮ ಕರೆಂಟ್ 50 ಹರ್ಟ್ಸ್, ಸಾಮಾನ್ಯವಾಗಿ ಅಷ್ಟಕ್ಕೆ ಸರಿಯಾಗುತ್ತದೆ. ಹೀಗೆ ತೆಗೆದ ನೂರಾರು ಚಿತ್ರಗಳಲ್ಲಿ ಒಂದನ್ನು ಸರಿಮಾಡಿ ಅದೇ ತಿದ್ದುಪಡಿಯನ್ನು ಉಳಿದವಕ್ಕೆ ಸಿಂಕ್ ಕೊಟ್ಟರೆ ಮುಗಿಯಿತು. ಆಟೋದಲ್ಲಿ ಬಿಟ್ಟರೆ ಪ್ರತಿಯೊಂದೂ ಬೇರೆ ಬೇರೆ ಬಣ್ಣ, ಪ್ರತಿಯೊಂದಕ್ಕೂ ಕೂರಬೇಕು. ಮಂಟಪದಲ್ಲಿ ಐದು ನಿಮಿಷ ಉಳಿಸಲು ಹೋಗಿ ಸ್ಟುಡಿಯೋದಲ್ಲಿ ಅರ್ಧ ದಿನ ಕಳೆದುಕೊಳ್ಳುವವರು ನಮ್ಮಲ್ಲಿ ಬಹಳ.

ಬಾಳೆ ಕಡಿಯುವ ಶಾಸ್ತ್ರ, ದಂಪತಿ ಮುಹೂರ್ತ ಎಲ್ಲ ದಾಟಿ ಗಂಗಾಪೂಜೆಗೆ ಬರುವಾಗ ಬಹಳ ಸಲ ರಾತ್ರಿಯಾಗಿರುತ್ತದೆ. ಮದುಮಗಳು ಬಾವಿಗೆ ವೀಳ್ಯದೆಲೆ, ಅಡಿಕೆ ಅರ್ಪಿಸಿ, ತೆಂಗಿನಕಾಯಿ ಒಡೆದು, ನೀರು ಸೇದಿ, ತಲೆಯ ಮೇಲೆ ಕೊಡ ಹೊತ್ತು ನಡೆಯಬೇಕು. ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ ದಾರಿ ಕಟ್ಟುತ್ತಾರೆ. ಅವಳು ಒಂದೊಂದೇ ಹೆಜ್ಜೆ ಇಡುತ್ತಾಳೆ. ಗಂಟೆಗಟ್ಟಲೆ ಆಗಬಹುದು. ಇಡೀ ದಿನದಲ್ಲಿ ಮುಖಗಳು ಅತಿ ಹೆಚ್ಚು ಬಿಚ್ಚಿಕೊಳ್ಳುವ ಹೊತ್ತು ಇದೇ: ಮದುಮಗಳ ಕುತ್ತಿಗೆ ಬಿಗಿದಿರುತ್ತದೆ, ಕಣ್ಣು ನಗುತ್ತಿರುತ್ತದೆ, ಎದುರಿಗೆ ನಾದಿನಿಯರು ಬೇಕೆಂದೇ ಇನ್ನೊಂದು ಸುತ್ತು ಕುಣಿಯುತ್ತಿರುತ್ತಾರೆ. ಬೆಳಕು ಕಡಿಮೆ, ಜನ ಜಾಸ್ತಿ, ಬೆಳಗ್ಗೆ ಐದಕ್ಕೆ ಎದ್ದ ಫೋಟೋಗ್ರಾಫರನ ಕೈ ಸೋತಿರುತ್ತದೆ. ಇಷ್ಟೊಳ್ಳೆಯ ಘಟ್ಟಕ್ಕೆ ಇಷ್ಟು ಸೋತ ಕೈ!

ಹಾಗಾಗಿ ದಿನವನ್ನು ಕೊನೆಯಿಂದ ಶುರುಮಾಡಿ ಯೋಜಿಸಬೇಕು. ಗಂಗಾಪೂಜೆಗೆ ಯಾರು ನಿಲ್ಲುತ್ತಾರೆ ಎಂದು ಬೆಳಗ್ಗೆಯೇ ಹೇಳಿ, ಅವರಿಗೆ ಮಧ್ಯಾಹ್ನ ಕಡ್ಡಾಯ ಬಿಡುವು ಕೊಡಿ. ಕಾರಿನ ಸೀಟು ಹಿಂದಕ್ಕೆ ಮಲಗಿಸಿ ಮುಕ್ಕಾಲು ಗಂಟೆ ಕಣ್ಣು ಮುಚ್ಚಿದರೂ ಸಾಕು. ಊಟವನ್ನು ಮೊದಲ ಪಂಕ್ತಿಯಲ್ಲೇ ಇಬ್ಬರಿಬ್ಬರಾಗಿ ಮುಗಿಸಬೇಕು ಎಂದು ಬುಕಿಂಗ್ ದಿನವೇ ಮನೆಯವರಿಗೆ ಹೇಳಿಡಿ. ಅವರು ಬೇಸರಪಟ್ಟುಕೊಳ್ಳುವುದಿಲ್ಲ, ಬದಲಿಗೆ ಕರೆದು ಬಡಿಸುತ್ತಾರೆ. ಕಡೆಯ ಪಂಕ್ತಿಗೆ ಕೂತರೆ ಕಡಂಬುಟ್ಟು (ಅಕ್ಕಿಯ ಕಡುಬು) ಉಳಿದಿರುತ್ತದೆ, ಪಂದಿಕರಿ (ಹಂದಿಮಾಂಸದ ಸಾರು) ಉಳಿದಿರುವುದಿಲ್ಲ. ಕುಡಿಯಲು ಕರೆಯುವವರು ಇದ್ದೇ ಇರುತ್ತಾರೆ. ‘ಫೋಟೋದವ್ರೇ, ಒಂದು ಸಣ್ಣದು ತಗೊಳ್ಳಿ’ ಎಂದು ಪ್ರೀತಿಯಿಂದಲೇ ಕರೆಯುತ್ತಾರೆ. ‘ಗಂಗಾಪೂಜೆ ಆಗಲಿ ಅಂಕಲ್’ ಅಂದರೆ ಯಾರೂ ಬಲವಂತ ಮಾಡಿದ್ದನ್ನು ನಾನು ಕಾಣೆ. ಗಂಗಾಪೂಜೆ ಆದಮೇಲೂ ಬೇಡ, ಏಕೆಂದರೆ ಕಾರಿದೆ.

ಕಾರಿನ ವಿಷಯ ನಾವು ಹಗುರವಾಗಿ ತೆಗೆದುಕೊಂಡಿದ್ದೇವೆ. 17 ಗಂಟೆ ನಿದ್ದೆಯಿಲ್ಲದೆ ಎಚ್ಚರವಿದ್ದವರ ಗಮನ ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ನಿದ್ದೆಯ ಅಧ್ಯಯನಗಳು ತೋರಿಸಿವೆ. ನಮ್ಮ ದೇಶದ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ ಶೇ 0.03. ಬೆಳಗ್ಗೆ ಐದಕ್ಕೆ ಎದ್ದವನು ರಾತ್ರಿ ಹನ್ನೊಂದಕ್ಕೆ ಸ್ಟೇರಿಂಗ್ ಹಿಡಿದರೆ, ಒಂದು ಹನಿ ಕುಡಿಯದಿದ್ದರೂ, ಕಾನೂನು ಸಹಿಸದ ಸ್ಥಿತಿಯಲ್ಲಿರುತ್ತಾನೆ. ಮೇಲಿಂದ ಮಂಜು, ತಿರುವು, ಸಿದ್ದಾಪುರ, ತಿತಿಮತಿ ಕಡೆ ರಸ್ತೆಗೆ ಇಳಿಯುವ ಆನೆ. ಪಕ್ಕದ ಊರಿನ ಮದುವೆಯಾದರೂ ರಾತ್ರಿ ಗಂಗಾಪೂಜೆ ಇದ್ದರೆ ತಂಡಕ್ಕೆ ಅಲ್ಲೇ ಕೋಣೆ ಬೇಕು ಎಂದು ಕೊಟೇಷನ್ನಿನಲ್ಲೇ ಬರೆಯಿರಿ. ಡಿಸೆಂಬರ್ ಕೊನೆಯ ವಾರದಲ್ಲಿ ಪ್ರವಾಸಿಗರಿಂದ ಹೋಂಸ್ಟೇಗಳೆಲ್ಲ ತುಂಬಿರುತ್ತವೆ. ಕೊನೆಗಳಿಗೆಯಲ್ಲಿ ಕೇಳಿದರೆ ಸಿಗುವುದಿಲ್ಲ, ಸಿಕ್ಕರೂ ಬೆಲೆ ಕೇಳಿ ಬೆವರುತ್ತೀರಿ.

ಕೋಣೆಗೆ ಹೋದಮೇಲೆ ಕಾರ್ಡುಗಳನ್ನು ಎರಡು ಡಿಸ್ಕಿಗೆ ಕಾಪಿಗೆ ಹಾಕಿ ಮಲಗುವುದಷ್ಟೇ ಕೆಲಸ. ರಾತ್ರಿ ಕಾರ್ಡ್ ಫಾರ್ಮ್ಯಾಟ್ ಮಾಡುವುದು ನಮ್ಮ ತಂಡದಲ್ಲಿ ನಿಷಿದ್ಧ. ಬೆಳಗ್ಗೆ ಕಾಫಿ ಕುಡಿದು, ಎರಡೂ ಡಿಸ್ಕಿನಲ್ಲಿ ಫೈಲುಗಳನ್ನು ತೆರೆದು ನೋಡಿ, ಆಮೇಲೆ. ದಣಿದ ತಲೆಯಿಂದ ತೀರ್ಮಾನ ತೆಗೆದುಕೊಳ್ಳುವ ಪ್ರಮೇಯವೇ ಬರದ ಹಾಗೆ ಇಂಥ ನಿಯಮಗಳನ್ನು ಮೊದಲೇ ಮಾಡಿಡಬೇಕು.

‘ಅಣ್ಣ, ಒಂದು ಹತ್ತು ಫೋಟೋ ಇವತ್ತೇ ಕಳಿಸ್ತೀರಾ, ಸ್ಟೇಟಸ್‌ಗೆ?’ ಎಂದು ಮದುಮಗಳ ತಮ್ಮ ಕೇಳಿಯೇ ಕೇಳುತ್ತಾನೆ. ಇದನ್ನು ಜಗಳ ಮಾಡಿಕೊಳ್ಳುವ ವಿಷಯವೆಂದು ನಾನು ಭಾವಿಸುವುದಿಲ್ಲ. ಕ್ಯಾಮೆರಾದಲ್ಲಿ ಎಡಿಟಿಂಗ್‌ಗೆ ಬೇಕಾದ ದೊಡ್ಡ ರಾ ಫೈಲಿನ ಜೊತೆ ಸಣ್ಣ ಜೆಪೆಗ್ ಇಟ್ಟುಕೊಂಡಿದ್ದರೆ ಊಟದ ಹೊತ್ತಿಗೆ ಒಬ್ಬ ಹುಡುಗ ಹದಿನೈದು ಆರಿಸಿ ಫೋನಿಗೆ ಇಳಿಸಬಹುದು. ತೋಟದ ಮನೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಪೇಟೆ ಮುಟ್ಟಿದಮೇಲೆ ಹೋಗುತ್ತದೆ ಎಂದು ಹೇಳಿಬಿಡಿ. ಆ ಹದಿನೈದು ಚಿತ್ರ ಸಿಕ್ಕವರು ಆಲ್ಬಮಿಗೆ ಎರಡು ತಿಂಗಳು ತಾಳ್ಮೆಯಿಂದ ಕಾಯುತ್ತಾರೆ.

ತಂಡ ಕಟ್ಟುವುದು ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತಲೆನೋವು. ಒಳ್ಳೆಯ ಅಸಿಸ್ಟೆಂಟ್ ಹುಡುಗರಲ್ಲಿ ಅನೇಕರ ಮನೆಯಲ್ಲಿ ಎರಡು ಮೂರು ಎಕರೆ ತೋಟವಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ರೋಬಸ್ಟಾ ಕಾಫಿ ಕೊಯ್ಲು, ಆಳು ಸಿಗದ ಕಾಲ. ಮನೆಯಲ್ಲಿ ಅಪ್ಪ ‘ಈ ವಾರ ಕುಯ್ಲು ಇದೆ’ ಅಂದರೆ ಅವನು ಬರುವುದಿಲ್ಲ, ಬರಲೂಬಾರದು. ಅಕ್ಟೋಬರಿನಲ್ಲೇ ಒಬ್ಬೊಬ್ಬರ ಮನೆಯ ಕೊಯ್ಲಿನ ವಾರ ಕೇಳಿ ಬರೆದಿಟ್ಟುಕೊಂಡರೆ ಮದುವೆಯ ಹಿಂದಿನ ರಾತ್ರಿ ಫೋನ್ ಹಿಡಿದು ಓಡಾಡುವುದು ತಪ್ಪುತ್ತದೆ.

ಕೊಯ್ಲು ಮುಗಿಯಿತು, ಸೀಸನ್ನೂ ಮುಗಿಯಿತು ಅನ್ನುವಾಗ ಕಾಫಿ ಹೂ ಅರಳಿಸುವ ಹೂಮಳೆ. ಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬಿಳಿ, ಮೂರು ನಾಲ್ಕು ದಿನದಲ್ಲಿ ಬಾಡಿಹೋಗುತ್ತದೆ. ಬೆಂಗಳೂರಿನಿಂದ ಪ್ರೀ-ವೆಡ್ಡಿಂಗ್ ಜೋಡಿಗಳ ಫೋನು: ‘ಹೂ ಬಂತಾ?’ ದುಡ್ಡು ಚೆನ್ನಾಗಿ ಬರುತ್ತದೆ, ನಿಜ. ಆದರೆ ತಾರೀಕು ಕೊಡಲಾಗದ ಕೆಲಸ, ಎಡಿಟಿಂಗ್‌ಗೆಂದು ಇಟ್ಟ ವಾರವನ್ನೇ ನುಂಗುತ್ತದೆ. ಬಾಕಿ ತೀರಿದ್ದರೆ ಮಾತ್ರ ಒಪ್ಪಿಕೊಳ್ಳಿ. ಹೂವಿಗೆ ಜೇನು ಬಂದಿರುವಾಗ ಮದುಮಗಳ ಹೇರ್‌ಸ್ಪ್ರೇ ಬೇಡವೆಂದು ಹೇಳುವುದನ್ನೂ ಮರೆಯಬೇಡಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ರೋಗವೆಂದಲ್ಲ, ಕೆಲಸದಿಂದ ಬರುವ ಸ್ಥಿತಿಯೆಂದು ತನ್ನ ರೋಗ ವರ್ಗೀಕರಣದ ಪಟ್ಟಿಯಲ್ಲಿ ನಮೂದಿಸಿತು. ಅದು ಹೇಳುವ ಲಕ್ಷಣ ಮೂರು: ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ಕೈಲಾಗುತ್ತದೆ ಎಂಬ ನಂಬಿಕೆ ಕುಗ್ಗುವುದು. ನಮ್ಮವರಲ್ಲಿ ಎರಡನೆಯದು ಮೊದಲು ಕಾಣುತ್ತದೆ, ಅದೂ ಚಿತ್ರದಲ್ಲೇ. ಫೋಕಸ್ ಸರಿ, ಬೆಳಕು ಸರಿ, ಆದರೆ ಎಲ್ಲ ಚಿತ್ರವೂ ಮಂಟಪದ ಒಂದೇ ಮೂಲೆಯಿಂದ, ದೂರದ್ದನ್ನು ಹತ್ತಿರ ತರುವ 70-200 ಲೆನ್ಸಿನಲ್ಲಿ. ಮದುಮಗಳ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸುವುದನ್ನು ನೋಡಿಯೂ ಕ್ಯಾಮೆರಾ ಎತ್ತಿರುವುದಿಲ್ಲ. ತಂಡದ ಯಾರ ಕಾರ್ಡಿನಲ್ಲಾದರೂ ಹೀಗೆ ಕಂಡರೆ ಬೈಯಬೇಡಿ, ಮುಂದಿನ ಮದುವೆಗೆ ಅವರನ್ನು ಕರೆಯಬೇಡಿ. ಆ ದಿನದ ಸಂಬಳದಲ್ಲಿ ಸ್ವಲ್ಪವಾದರೂ ಕೊಡಿ. ನಿಮ್ಮದೇ ಕಾರ್ಡಿನಲ್ಲಿ ಕಂಡರೆ ಡಾಕ್ಟರನ್ನೋ ಆಪ್ತಸಮಾಲೋಚಕರನ್ನೋ ಕಾಣಲು ನಾಚಿಕೆ ಬೇಡ.

ಬೇಡವೆನ್ನುವುದು ಹೇಗೆ ಎಂಬುದೇ ಹೆಚ್ಚಿನವರ ಪ್ರಶ್ನೆ. ಚಿಕ್ಕ ಜಿಲ್ಲೆ, ಎಲ್ಲರೂ ಪರಿಚಯ, ಒಂದು ಮನೆಗೆ ಇಲ್ಲವೆಂದರೆ ಐನ್‌ಮನೆಯ (ಕುಲದ ಮೂಲಮನೆಯ) ಹತ್ತು ಸಂಸಾರಕ್ಕೆ ಸುದ್ದಿ. ಬರಿಗೈಯಲ್ಲಿ ಇಲ್ಲ ಎನ್ನಬೇಡಿ, ಹೆಸರು ಕೊಟ್ಟು ಇಲ್ಲ ಎನ್ನಿ. ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿ, ಕುಶಾಲನಗರದ ನಾಲ್ಕೈದು ಸ್ಟುಡಿಯೋದವರು ಸೇರಿ ಖಾಲಿ ಡೇಟುಗಳ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡರೆ ಸಾಕು. ಕಮಿಷನ್ ಇಡಬೇಡಿ, ಕಮಿಷನ್ ಬಂದ ಕಡೆ ಲೆಕ್ಕ ಬರುತ್ತದೆ, ಲೆಕ್ಕ ಬಂದ ಕಡೆ ಮುನಿಸು. ಇವತ್ತು ನೀವು ಕೊಟ್ಟ ಡೇಟು ಬರುವ ಮೇ ತಿಂಗಳಲ್ಲಿ ನಿಮ್ಮ ಖಾಲಿ ಭಾನುವಾರಕ್ಕೆ ಬದಲಾಗಿ ಬಂದೇ ಬರುತ್ತದೆ. ಗುಂಪಿಗೆ ಸೇರುವವರ ಎರಡು ಪೂರ್ತಿ ಆಲ್ಬಮನ್ನು ಮೊದಲೇ ನೋಡಿಟ್ಟುಕೊಳ್ಳಿ. ಇನ್‌ಸ್ಟಾಗ್ರಾಂ ನೋಡಿ ಹೆಸರು ಕೊಡಬೇಡಿ. ಅಲ್ಲಿ ಮುಹೂರ್ತದ ಸಾಲು ಕಾಣುವುದಿಲ್ಲ.